ಮೊದಲು ಮೈಗೆ ಧೈರ್ಯ ಬಂತು, ಆಮೇಲೆ ಬಾಯಿಗೆ ಮಾತು

"ಆಗಿದ್ದೆಲ್ಲ ಹೇಳಿಬಿಡು, ಮನಸ್ಸು ಹಗುರ ಆಗುತ್ತೆ" ಅಂತ ತುಂಬಾ ಜನ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಹೇಳೋಕೆ ಕೂತಾಗಲೆಲ್ಲ ಗಂಟಲು ಕಟ್ಟುತ್ತಿತ್ತು, ರಾತ್ರಿ ನಿದ್ದೆ ಹಾರಿಹೋಗುತ್ತಿತ್ತು. ಈಗ ಯಾರೂ ಹೊಡೆಯಲ್ಲ ಅನ್ನುವುದನ್ನು ಮೊದಲು ನನ್ನ ಮೈ ನಂಬಬೇಕಿತ್ತು.

ಹೆತ್ತ ಮನೆಯಲ್ಲಿ ಏಟು ತಿಂದೆ. ಅಲ್ಲಿಂದ ಬಿಡಿಸಿ ಫಾಸ್ಟರ್ ಕೇರ್‌ಗೆ, ಅಂದರೆ ಇಂಥ ಮಕ್ಕಳನ್ನು ಬೇರೆ ಕುಟುಂಬಗಳು ನೋಡಿಕೊಳ್ಳುವ ವ್ಯವಸ್ಥೆಗೆ, ಕಳಿಸಿದರು. ಕೆಲವು ಮನೆಯವರು ಒಳ್ಳೆಯವರಿದ್ದರು, ಒಂದು ಮನೆಯವರು ಅಲ್ಲ. ಅದರ ವಿವರ ಇಲ್ಲಿ ಬೇಡ.

ಅಲ್ಲಿ ಕಲಿತದ್ದು ಮಾತ್ರ ಮೈಯಲ್ಲೇ ಉಳಿಯಿತು. ಬಾಗಿಲಿಗೆ ಕೀಲಿ ಹಾಕುವ ಸದ್ದು ಕೇಳಿದರೆ ಎದೆ ಧಸಕ್ ಅನ್ನುತ್ತಿತ್ತು. ಹೆಜ್ಜೆ ಸಪ್ಪಳದಲ್ಲೇ ಬರುತ್ತಿರುವವರ ಸಿಟ್ಟು ಗೊತ್ತಾಗುತ್ತಿತ್ತು. ದೊಡ್ಡವಳಾಗಿ ನನ್ನದೇ ಬಾಡಿಗೆ ಮನೆ ಮಾಡಿದ ಮೇಲೂ ಮಂಚದ ಕೆಳಗೆ ಒಂದು ಬ್ಯಾಗ್ ತಯಾರಾಗಿರುತ್ತಿತ್ತು. ಎರಡು ಜೊತೆ ಬಟ್ಟೆ, ಕಾಗದಪತ್ರ, ಹಲ್ಲುಜ್ಜುವ ಬ್ರಷ್. ಹೊರಡು ಅಂದರೆ ಹೊರಟುಬಿಡಬೇಕಲ್ವಾ?

ಮನಸ್ಸಿನ ಚಿಕಿತ್ಸೆಗೆ ಅಂತ ಹೋದಾಗ ನನಗೆ ಸಿಕ್ಕ ಥೆರಪಿಸ್ಟ್ ಆ ಬ್ಯಾಗನ್ನು ಖಾಲಿ ಮಾಡು ಅನ್ನಲಿಲ್ಲ. ಹಳೆಯದನ್ನು ಕೆದಕಲೂ ಇಲ್ಲ. ಪಾದ ನೆಲಕ್ಕೆ ಊರಿ ಕೂರು, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳು, ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ತಿಂಗಳುಗಟ್ಟಲೆ ಇಷ್ಟೇ. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ಎದೆಬಡಿತ ತಗ್ಗುತ್ತದೆ, ಅಪಾಯ ಇಲ್ಲ ಅನ್ನುವ ಸುದ್ದಿ ಮೈಯಿಂದ ಮೆದುಳಿಗೆ ಹೋಗುತ್ತದೆ ಅಂತ ವಿವರಿಸಿದರು. ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲೇ ಈ ಕ್ರಮವನ್ನು ಬರೆದಿಟ್ಟಿದ್ದಾರೆ: ಮೊದಲು ಸುರಕ್ಷಿತ ಅನ್ನಿಸಬೇಕು, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಜನರ ಜೊತೆ ಮತ್ತೆ ಬೆರೆಯುವುದು. ನಾನು ಈ ಮೂರರ ನಡುವೆ ಎಷ್ಟೋ ಸಲ ಹಿಂದೆ ಮುಂದೆ ಓಡಾಡಿದ್ದೇನೆ.

ನನಗೆ ಇದ್ದದ್ದಕ್ಕೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಹೆಸರು, ಆಘಾತ ಅನುಭವಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿದೆ. ಆ ಪಟ್ಟಿಯ ಈ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಬೆಚ್ಚಿಬೀಳುವುದು, ಕೆಟ್ಟ ಕನಸು ಮಾತ್ರ ಅಲ್ಲ. ಸಿಟ್ಟು, ಅಳು ಹಿಡಿತಕ್ಕೆ ಸಿಗದಿರುವುದು, ನಾನು ಯಾವುದಕ್ಕೂ ಬಾರದವಳು ಅನ್ನಿಸುವುದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಾಗದಿರುವುದು, ಇವೂ ಅದರ ಲಕ್ಷಣಗಳೇ. ಅದನ್ನು ಓದಿ ನಾನು ತುಂಬಾ ಅತ್ತೆ. ಅದುವರೆಗೂ ಅದೆಲ್ಲ ನನ್ನ ಗುಣ ಅಂದುಕೊಂಡಿದ್ದೆ.

ಇಎಂಡಿಆರ್, ಅಂದರೆ ಕಣ್ಣು ಆಡಿಸುತ್ತಾ ನೋವಿನ ನೆನಪನ್ನು ಎದುರಿಸುವ ಚಿಕಿತ್ಸೆ, ನನಗೆ ಶುರುವಾದದ್ದು ಅದಾದ ಎಷ್ಟೋ ಕಾಲದ ಮೇಲೆ. ನಾನು ಮೊದಲು ಆರಿಸಿಕೊಂಡದ್ದು ಕೀಲಿಯ ಸದ್ದಿನ ನೆನಪು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಥೆರಪಿಸ್ಟ್‌ನ ಬೆರಳನ್ನು ಕಣ್ಣಿನಿಂದ ಎಡಕ್ಕೆ, ಬಲಕ್ಕೆ ಹಿಂಬಾಲಿಸಬೇಕು. ನಡುನಡುವೆ ನಿಲ್ಲಿಸಿ ಈಗ ಏನು ಅನ್ನಿಸುತ್ತಿದೆ ಅಂತ ಕೇಳುತ್ತಾರೆ. ನೆನಪು ಅಳಿಸಿಹೋಗಲಿಲ್ಲ. ಆದರೆ ಅದು ಆಗಿಹೋದದ್ದು ಅಂತ ಮೈಗೂ ಗೊತ್ತಾಯಿತು. ವಿಡಿಯೊ ನೋಡಿಕೊಂಡು ಇದನ್ನು ಒಬ್ಬರೇ ಮಾಡಬೇಡಿ, ದಯವಿಟ್ಟು. ನೆನಪು ಉಕ್ಕಿ ಬಂದಾಗ ಎದುರಿಗೆ ತರಬೇತಿ ಪಡೆದ ಒಬ್ಬರು ಇರಲೇಬೇಕು.

ಇನ್ನೊಂದು ವಿಷಯ ಫಾಸ್ಟರ್ ಕೇರ್‌ನಲ್ಲಿ ಬೆಳೆದವರಿಗಾಗಿಯೇ ಬರೆಯುತ್ತಿದ್ದೇನೆ. ದೊಡ್ಡವರಾದ ಮೇಲೆ, ಆಗ ಅಧಿಕಾರಿಗಳು ನಮ್ಮ ಬಗ್ಗೆ ಬರೆದಿಟ್ಟ ಫೈಲನ್ನು ಕೇಳಿ ಪಡೆಯುವ ಹಕ್ಕು ಎಷ್ಟೋ ದೇಶಗಳಲ್ಲಿ ಇದೆ. ನಾನು ತರಿಸಿಕೊಂಡೆ. ಗೆಳತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿದೆ. ಬೇರೆಯವರ ಹೆಸರು ಇದ್ದಲ್ಲೆಲ್ಲ ಕಪ್ಪು ಗೆರೆ ಎಳೆದಿದ್ದರು. ನನ್ನನ್ನು ತುಂಬಾ ಅಕ್ಕರೆಯಿಂದ ನೋಡಿಕೊಂಡ ಒಂದು ಮನೆಯಿಂದ ಇದ್ದಕ್ಕಿದ್ದಂತೆ ಕಳಿಸಿಬಿಟ್ಟಿದ್ದರು. ನಾನು ಹಟಮಾರಿ ಅಂತಲೇ ಕಳಿಸಿದರು ಅಂತ ನಂಬಿ ಬೆಳೆದಿದ್ದೆ. ಫೈಲಿನಲ್ಲಿ ಬೇರೆಯೇ ಇತ್ತು: ಆ ಮನೆಯಾಕೆಗೆ ಕಾಯಿಲೆ ಜೋರಾಗಿತ್ತು. "ಮಗುವನ್ನು ಬಿಟ್ಟುಕೊಡುವಾಗ ಬಹಳ ಅತ್ತರು" ಅಂತ ಯಾರೋ ಬರೆದಿದ್ದರು. ಆ ಪುಟವನ್ನು ನಾನು ಈಗಲೂ ತೆಗೆದು ಓದುತ್ತೇನೆ.

ಹೊಡೆದವರನ್ನು ಕ್ಷಮಿಸಿದ್ದೀಯಾ ಅಂತ ಕೇಳುವವರಿದ್ದಾರೆ. ಇಲ್ಲ. ಚೇತರಿಸಿಕೊಳ್ಳೋಕೆ ಅದು ಬೇಕಾಗಲೂ ಇಲ್ಲ. ಇವತ್ತಿಗೂ ಯಾರಾದರೂ ದನಿ ಏರಿಸಿದರೆ ಕೈ ತಣ್ಣಗಾಗುತ್ತದೆ. ಆಗ ಪಾದ ಊರಿ ಉಸಿರು ನಿಧಾನ ಮಾಡುತ್ತೇನೆ. "ಸ್ವಲ್ಪ ಮೆತ್ತಗೆ ಮಾತಾಡಿ" ಅಂತ ಬಾಯಿಬಿಟ್ಟು ಕೇಳುತ್ತೇನೆ. ಜಾಸ್ತಿ ಜನ ಹಾಗೇ ಮಾಡುತ್ತಾರೆ.