ಬಿಸಿಲಿಗೊಂದು, ಮಳೆಗೊಂದು: ಕೊಡಗಿನ ಮನೆಗೆ ಕರೆಂಟಿನ ಲೆಕ್ಕ

ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಕರೆಂಟ್ ಹೋದರೆ ನಮ್ಮ ಕಡೆ ‘ಯಾವಾಗ ಬರುತ್ತದೆ’ ಎಂದು ಯಾರೂ ಕೇಳುವುದಿಲ್ಲ. ‘ಮರ ಎಲ್ಲಿ ಬಿತ್ತಂತೆ’ ಎಂದು ಕೇಳುತ್ತಾರೆ. ರಸ್ತೆ ಬದಿ ಬಿದ್ದಿದ್ದರೆ ಸಂಜೆಗೆ ಬಂದೀತು. ಯಾರದೋ ತೋಟದ ನಡುವೆ ಬಿದ್ದು ಎರಡು ಕಂಬವನ್ನೂ ಮಲಗಿಸಿದ್ದರೆ, ಮೂರು ದಿನ ಮೊಬೈಲ್ ಚಾರ್ಜಿಗೆ ಜೀಪಿನ ಬ್ಯಾಟರಿಯೇ ಗತಿ.

ಸೋಲಾರ್ ಮಾರುವವರು ಮಾತ್ರ ಬರುವುದು ಫೆಬ್ರವರಿಯಲ್ಲಿ. ಕಾಫಿ ಒಣಗಿಸುವ ಕಣದಲ್ಲಿ ಕಾಲಿಡಲಾಗದಷ್ಟು ಬಿಸಿಲು ಕಾಯುವಾಗ ಅವರ ಮಾತೆಲ್ಲ ನಿಜವೆನಿಸುತ್ತದೆ. ನಮಗೆ ಕರೆಂಟ್ ಬೇಕೇ ಬೇಕಾಗುವುದು ಸೂರ್ಯ ಮುಖ ತೋರಿಸದ ಜೂನ್, ಜುಲೈ, ಆಗಸ್ಟಿನಲ್ಲಿ ಎಂಬುದು ಆಗ ನೆನಪಾಗುವುದಿಲ್ಲ. ಬೆಂಗಳೂರಿನ ಮನೆಗೆ ಬರೆದ ಸಲಹೆ ಇಲ್ಲಿಗೆ ಹೊಂದದಿರುವುದು ಇದೇ ಕಾರಣಕ್ಕೆ. ಇಲ್ಲಿ ಒಂದೇ ಮೂಲವನ್ನು ನಂಬಿ ಕೂರುವಂತಿಲ್ಲ. ಮೊದಲು ಖರ್ಚು ಇಳಿಸಬೇಕು, ಆಮೇಲೆ ಕಾಲಕ್ಕೆ ತಕ್ಕ ಮೂಲ ಹುಡುಕಬೇಕು. ನಾಪೋಕ್ಲು ಬಳಿಯ ನಮ್ಮ ಹಂಚಿನ ಮನೆಯಲ್ಲಿ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದನ್ನು ಕ್ರಮವಾಗಿ ಬರೆದಿದ್ದೇನೆ.

ಹೆಜ್ಜೆ 1: ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿ

ಸಾವಿರ ವ್ಯಾಟಿನ ವಸ್ತು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಯಾವ ವಸ್ತು ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಯಂತ್ರ ಕೊಳ್ಳಬೇಕಾಗಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಅಲ್ಲಿ 3200 ಎಂದಿದ್ದರೆ, ನಿಮಿಷಕ್ಕೆ ಒಂದು ಮಿಣುಕು ಎಂದರೆ ಸುಮಾರು 19 ವ್ಯಾಟ್. ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಒಂದನ್ನೇ ಬಿಟ್ಟು ನಿಮಿಷಕ್ಕೆ ಎಂಟು ಮಿಣುಕು ಬಂತೆನ್ನಿ, ಅದು 150 ವ್ಯಾಟ್ ಎಳೆಯುತ್ತಿದೆ. ಹೀಗೆ ಒಂದೊಂದನ್ನೇ ಹಾಕುತ್ತ ಎಣಿಸಿ, ಗೋಡೆಗೆ ಒಂದು ಚೀಟಿ ಅಂಟಿಸಿ.

ಕೊನೆಗೆ ಫ್ರಿಜ್ಜನ್ನೂ ಆರಿಸಿ ನೋಡಿ. ನಮ್ಮ ಮನೆಯಲ್ಲಿ ಎಲ್ಲ ಆರಿಸಿದ ಮೇಲೂ ದೀಪ ಮಿಣುಕುತ್ತಲೇ ಇತ್ತು. ಹುಡುಕಿದರೆ ಬಚ್ಚಲ ಹಿಂದಿನ ಹಳೆಯ ಮಣ್ಣಿನ ಗೋಡೆಯೊಳಗೆ ವೈರಿನ ಸಿಪ್ಪೆ ಹೋಗಿ, ಮಳೆಯ ತೇವಕ್ಕೆ ಕರೆಂಟ್ ಸೋರುತ್ತಿತ್ತು. ಬಿಲ್ಲಿನ ಮಾತಿರಲಿ, ಜೀವ ಉಳಿದದ್ದು ಪುಣ್ಯ. ಸೋರಿಕೆಯಾದ ಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಮೇನ್ ಬೋರ್ಡಿನಲ್ಲಿ ಹಾಕಿಸಿ. ಅದಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಬೇಡ.

ಬಿಲ್ಲನ್ನೂ ಒಮ್ಮೆ ಓದಿ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಎಂಬುದು 2022–23ರ ಸರಾಸರಿ ಬಳಕೆಯ ಮೇಲೆ ನಿಂತಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ತೆರಬೇಕು. 190ರಲ್ಲಿರುವ ಮನೆಗೂ 205ರಲ್ಲಿರುವ ಮನೆಗೂ ನಡುವೆ ಇರುವುದು ಹದಿನೈದೇ ಯೂನಿಟ್, ಅಂದರೆ 60 ವ್ಯಾಟಿನ ಎರಡು ಹಳೆಯ ಬಲ್ಬು. ದಿನಕ್ಕೆ ಐದು ಗಂಟೆ ಉರಿದರೆ ಅಂಥ ಒಂದು ಬಲ್ಬು ತಿಂಗಳಿಗೆ 9 ಯೂನಿಟ್ ನುಂಗುತ್ತದೆ. ಅದೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ.

ಹೆಜ್ಜೆ 2: ಬಿಸಿನೀರು. ಅಸಲು ಖರ್ಚು ಇಲ್ಲಿದೆ

ಮಡಿಕೇರಿಯ ಚಳಿಯಲ್ಲಿ ಫ್ಯಾನಿನ ಮಾತು ಆಡುವುದೇ ದಂಡ. ಕುಶಾಲನಗರದವರು ಬೇಕಾದರೆ 75 ವ್ಯಾಟಿನ ಹಳೆಯ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಕೊಳ್ಳಲಿ. ಮೇಲಿನವರಾದ ನಮ್ಮ ಮನೆಗಳಲ್ಲಿ ದೊಡ್ಡ ಬಾಯಿ ಇರುವುದು ಬಚ್ಚಲಿಗೆ.

ಲೆಕ್ಕ ಹಾಕೋಣ. ನಾಲ್ಕು ಜನ, ತಲೆಗೆ 25 ಲೀಟರ್, ಒಟ್ಟು ನೂರು ಲೀಟರ್. 20 ಡಿಗ್ರಿಯ ನೀರನ್ನು 45ಕ್ಕೆ ಏರಿಸಲು ಸುಮಾರು 3 ಯೂನಿಟ್ ಬೇಕು. ಗೀಸರಿನಲ್ಲಿ ಕಾಯಿಸಿದರೆ ತಿಂಗಳಿಗೆ 90 ಯೂನಿಟ್. ಮನೆಯ ದೀಪ, ಟಿವಿ, ಮಿಕ್ಸಿ ಎಲ್ಲ ಸೇರಿದರೂ ಅಷ್ಟಾಗುವುದು ಕಷ್ಟ. ಹಾಗಾಗಿ ನನ್ನ ಮಟ್ಟಿಗೆ ಕೊಡಗಿನ ಮನೆಗೆ ಬರಬೇಕಾದ ಮೊದಲ ಸೋಲಾರ್ ಕರೆಂಟಿನದಲ್ಲ, ನೀರು ಕಾಯಿಸುವುದು. ಅಕ್ಟೋಬರಿನಿಂದ ಮೇ ತನಕ ಅದು ಕೈಬಿಡುವುದಿಲ್ಲ. ಟ್ಯಾಂಕ್ ಬಚ್ಚಲಿಗೆ ಆದಷ್ಟು ಹತ್ತಿರ ಇರಲಿ. ದೂರವಾದರೆ ಪ್ರತಿ ಸಲ ಪೈಪಿನಲ್ಲಿ ತಣಿದ ಒಂದು ಬಕೆಟ್ ನೀರು ಚರಂಡಿಗೆ ಹೋಗುತ್ತದೆ. ಬಿಸಿನೀರಿನ ಪೈಪಿಗೆ ಸ್ಪಂಜಿನ ಹೊದಿಕೆ ಸುತ್ತಿಸಿ.

ಮಳೆಗಾಲಕ್ಕೆ ಹಂಡೆ ಇದ್ದೇ ಇದೆ. ಸೌದೆಯೂ ಮರುಹುಟ್ಟು ಪಡೆಯುವ ಇಂಧನವೇ. ಮಳೆ ಹಿಡಿಯುವ ಮೊದಲು ಮರಗಸಿ ಮಾಡಿಸಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸಿದಾಗ, ತೋಟದ ತುಂಬ ಕೊಂಬೆ ಬೀಳುತ್ತದಲ್ಲ! ಅದನ್ನು ಉರಿಸುವ ರೀತಿಯಲ್ಲಿ ಮಾತ್ರ ನಾವು ದುಂದು ಮಾಡುತ್ತೇವೆ. ಮೂರು ಕಲ್ಲಿನ ಒಲೆಯ ಶಾಖದಲ್ಲಿ ಹತ್ತನೇ ಒಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಅದರಲ್ಲಿ ಆ ನೂರು ಲೀಟರ್ ಕಾಯಲು ಆರು ಕೆಜಿಗಿಂತ ಹೆಚ್ಚು ಒಣ ಸೌದೆ ಬೇಕು. ಒಲೆ ಸರಿ ಮಾಡಿದರೆ ಎರಡೂವರೆ ಕೆಜಿ ಸಾಕು.

ಸರಿ ಮಾಡುವುದೆಂದರೆ ಇಷ್ಟೇ: ಬೂದಿ ಕೆಳಗೆ ಉದುರಿ ಗಾಳಿ ಮೇಲೆ ಬರುವಂತೆ ಕಬ್ಬಿಣದ ಜಾಲರಿ, ಹಂಡೆಯ ಸುತ್ತ ಗೋಡೆ, ಹಂಡೆಗೂ ಗೋಡೆಗೂ ನಡುವೆ ಎರಡು ಬೆರಳಿನ ಸಂದು, ಹೊಗೆಗೊಂದು ಕೊಳವೆ, ಹಂಡೆಗೊಂದು ಮುಚ್ಚಳ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಊರಿನ ಗಾರೆಯವರು ಒಂದು ದಿನದಲ್ಲಿ ಕಟ್ಟುತ್ತಾರೆ. ಹಂಡೆಯ ತಳದ ಮಸಿಯನ್ನು ತಿಂಗಳಿಗೊಮ್ಮೆ ಕೆರೆಯಬೇಕು. ಮಸಿ ಶಾಖವನ್ನು ಒಳಗೆ ಬಿಡುವುದಿಲ್ಲ.

ಸೌದೆ ಒಣಗದಿದ್ದರೆ ಎಂಥ ಒಲೆಯಾದರೂ ಹೊಗೆಯೇ. ಮೊದಲು ಅದರೊಳಗಿನ ನೀರು ಆವಿಯಾಗಬೇಕು, ಅಷ್ಟೂ ಶಾಖ ಆಕಾಶಕ್ಕೆ. ಕಡಿದ ಕೊಂಬೆಯನ್ನು ಮಣಿಕಟ್ಟಿನ ಗಾತ್ರಕ್ಕೆ ಸೀಳಿ, ಗಾಳಿಯಾಡುವ ಶೀಟಿನ ಅಡಿ ಒಟ್ಟಿ, ಈ ವರ್ಷದ್ದನ್ನು ಮುಂದಿನ ವರ್ಷ ಉರಿಸಿ. ಹಾಲುವಾಣ ಮರದ ಸೌದೆ ಬರೀ ಬೂದಿ, ಅದನ್ನು ತೋಟದಲ್ಲೇ ಕೊಳೆಯಲು ಬಿಡಿ. ಹಳೆಯ ಕಾಫಿ ಗಿಡದ ಬೊಡ್ಡೆಯ ಕೆಂಡ ಮಾತ್ರ ಬೆಳಗಿನ ತನಕ ನಿಲ್ಲುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿದರೆ ಜುಲೈ ತಿಂಗಳ ಬಟ್ಟೆಯೂ ಒಣಗುತ್ತದೆ. ಆದರೆ ಕೆಂಡದ ಅಗ್ಗಿಷ್ಟಿಕೆಯನ್ನು ಬಾಗಿಲು ಮುಚ್ಚಿದ ಮಲಗುವ ಕೋಣೆಗೆ ತರಬೇಡಿ. ಅದರ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಅಡುಗೆ ಮನೆಗೂ ಹೊಗೆ ಕೊಳವೆ ಹಾಕಿಸುತ್ತೇನೆಂದಾಗ ನಮ್ಮತ್ತೆ ಒಪ್ಪಲಿಲ್ಲ. ‘ಹೊಗೆಗೆ ಹಂದಿ ಮಾಂಸ ಎಲ್ಲಿ ಕಟ್ಟುವುದು?’ ಎಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಲ್ಲಿ ಹಳೆಯ ಒಲೆಯೇ ಇದೆ.

ಹೆಜ್ಜೆ 3: ಕೊಟ್ಟಿಗೆ ಇದ್ದರೆ ಗೋಬರ್ ಗ್ಯಾಸ್

ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು. ನಾಲ್ಕೈದು ಜನರ ಅಡುಗೆ ಅದರಲ್ಲಿ ಆಗುತ್ತದೆ. ನಾಲ್ಕು ದನವಿಲ್ಲದವರು ಆಸೆಪಡುವುದು ಬೇಡ. ಹಂದಿ ಗೂಡು ಇರುವವರು ಅದರ ಗೊಬ್ಬರವನ್ನೂ ಸೇರಿಸಬಹುದು, ಗ್ಯಾಸ್ ಚೆನ್ನಾಗಿ ಬರುತ್ತದೆ. ಚಳಿಗೆ ಗುಂಡಿಯೊಳಗಿನ ಕೆಲಸ ನಿಧಾನವಾಗುವುದರಿಂದ ಮಳೆಗಾಲದಲ್ಲಿ ಒಲೆಯ ಉರಿ ಕುಗ್ಗುತ್ತದೆ. ಮಳೆನೀರು ಒಳಹೋಗದಂತೆ ಬಾಯಿಗೆ ಮಾಡು ಇರಲಿ, ಕಲಸಲು ಬೆಚ್ಚನೆಯ ನೀರು ಬಳಸಿ. ಹೊರಬರುವ ಬಗ್ಗಡ ಕರಿಮೆಣಸಿನ ಬುಡಕ್ಕೆ. ನನ್ನನ್ನು ಕೇಳಿದರೆ ಗ್ಯಾಸಿಗಿಂತ ಆ ಬಗ್ಗಡದ್ದೇ ಲಾಭ ಹೆಚ್ಚು.

ಹೆಜ್ಜೆ 4: ಚಾವಣಿಯ ಪ್ಯಾನಲ್, ಕೊಳ್ಳುವ ಮೊದಲು ಮೂರು ಪ್ರಶ್ನೆ

ಒಂದು, ನಿಮ್ಮ ಊರು ಎಲ್ಲಿ? ಒಂದು ಕಿಲೋವ್ಯಾಟ್ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಡುತ್ತದೆ. ಮೋಡ ದಟ್ಟವಾಗಿ ಕವಿದ ದಿನ ಅದರ ಐದನೇ ಒಂದು ಪಾಲು ಬಂದರೂ ಸಂತೋಷ. ಕುಶಾಲನಗರ, ಶನಿವಾರಸಂತೆ ಕಡೆ ಅಂಥ ದಿನಗಳು ಕಡಿಮೆ. ಭಾಗಮಂಡಲ, ಶಾಂತಳ್ಳಿಯಲ್ಲಿ ಅವೇ ಒಂದು ಋತು.

ಎರಡು, ನೆರಳಿಲ್ಲದ ಜಾಗ ಎಲ್ಲಿದೆ? ಸಾಲಿನ ಒಂದು ಪ್ಯಾನಲ್ ಮೇಲೆ ಸಿಲ್ವರ್ ಓಕಿನ ನೆರಳು ಬಿದ್ದರೆ ಇಡೀ ಸಾಲು ಸೊರಗಬಹುದು. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹಿರಿಯರು ಆ ಜಾಗ ಎಂದೋ ಹುಡುಕಿ ಕಣ ಮಾಡಿಟ್ಟಿದ್ದಾರೆ. ಕಣದ ಪಕ್ಕದ ಗೋಡೌನಿನ ಶೀಟೇ ಹಂಚಿನ ಮಾಡಿಗಿಂತ ವಾಸಿ. ಹಂಚು ಒಡೆದು ಸೋರುವ ರಗಳೆಯೂ ಇಲ್ಲ. ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ಬೇಕು. ಮುಖ ದಕ್ಷಿಣಕ್ಕಿರಲಿ, ಇಳಿಜಾರು ಕನಿಷ್ಠ 12 ಡಿಗ್ರಿ. ನಮ್ಮ ಅಕ್ಷಾಂಶವೂ ಅಷ್ಟೇ. ಮಟ್ಟಸವಾಗಿ ಮಲಗಿಸಿದರೆ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಏಪ್ರಿಲ್‌ನ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ಬೇರೆಯದೇ ಅರ್ಥಿಂಗ್ ಕಡ್ಡಾಯ.

ಮೂರನೆಯದನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ. ಲೈನಿಗೆ ಜೋಡಿಸುವ ‘ಆನ್‌ಗ್ರಿಡ್’ ವ್ಯವಸ್ಥೆ, ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಅದು ದೋಷವಲ್ಲ. ನಿಮ್ಮ ಮಾಡಿನ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮ್ಯಾನಿನ ಜೀವ ತೆಗೆಯಬಾರದಲ್ಲ! ಆದರೆ ಕರೆಂಟ್ ಹೋದಾಗ ದೀಪ ಬೇಕೆಂದು ಸೋಲಾರ್ ಹಾಕಿಸುವವರಿಗೆ ಇದರಿಂದ ಪ್ರಯೋಜನವಿಲ್ಲ. ಅವರು ಬ್ಯಾಟರಿ ಸಹಿತದ ‘ಹೈಬ್ರಿಡ್’ ಕೇಳಬೇಕು. ಬಿಲ್ ಸೊನ್ನೆ ಬರುತ್ತಿರುವ ಮನೆಗೆ ಆನ್‌ಗ್ರಿಡ್‌ನಿಂದ ಉಳಿಯುವ ಹಣವೂ ಅಷ್ಟಕ್ಕಷ್ಟೇ. ಹೋಂಸ್ಟೇ ನಡೆಸುವವರಿಗೆ, ಬಿಲ್ ದೊಡ್ಡದಿರುವವರಿಗೆ ಮಾತ್ರ ಅದು ಲಾಭ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ಮನೆಗಳ ಆನ್‌ಗ್ರಿಡ್‌ಗೆ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಹಾಯಧನ ನಿಗದಿ ಮಾಡಿತು.

ಬ್ಯಾಟರಿ ಎಷ್ಟು ದೊಡ್ಡದಿರಬೇಕು? ಐದು ಎಲ್‌ಇಡಿ, ವೈಫೈ ಡಬ್ಬಿ, ಎರಡು ಮೊಬೈಲ್ ಸೇರಿ 80 ವ್ಯಾಟ್ ಎನ್ನಿ. ಐದು ಗಂಟೆಗೆ 0.4 ಯೂನಿಟ್. 12 ವೋಲ್ಟಿನ 150 ಆಂಪಿಯರ್ ಅವರ್ ಸೀಸದ ಬ್ಯಾಟರಿಯಲ್ಲಿರುವುದು 1.8 ಯೂನಿಟ್. ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಹೋಗುತ್ತದೆ. ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಮುಕ್ಕಾಲು ಯೂನಿಟ್, ಅಂದರೆ ಎರಡು ಸಂಜೆಯೂ ಪೂರ್ತಿಯಿಲ್ಲ. ಅದಕ್ಕೆ ಇಂಡಕ್ಷನ್ ಒಲೆ ಸಿಕ್ಕಿಸುವ ಮಕ್ಕಳಿದ್ದರೆ ಆ ಪ್ಲಗ್ಗಿಗೆ ಬೇರೆ ಲೈನ್ ಎಳೆಸಿ.

ಹೆಜ್ಜೆ 5: ತೋಡು (ಸಣ್ಣ ಹಳ್ಳ) ಇದ್ದವರ ಭಾಗ್ಯ

ತಲಕಾವೇರಿಯ ನೀರು 1902ರಲ್ಲೇ ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿತು. ನಮ್ಮ ಬರಪೊಳೆ ನದಿ ಘಟ್ಟ ಇಳಿದು ಕಣ್ಣೂರು ಜಿಲ್ಲೆಯಲ್ಲಿ ಟರ್ಬೈನ್ ತಿರುಗಿಸುತ್ತಿದೆ. ಮನೆಯ ಹಿಂದಿನ ತೋಡಿಗೂ ಸಣ್ಣ ಮಟ್ಟದಲ್ಲಿ ಆ ಶಕ್ತಿ ಇದೆ. ಮಲೆನಾಡಿನ ನೂರಾರು ಮನೆಗಳಲ್ಲಿ ಪಿಕೋ ಹೈಡ್ರೋ ಎಂಬ ಸಣ್ಣ ಟರ್ಬೈನ್ ಹೀಗೆ ಓಡುತ್ತಿದೆ.

ಅಳತೆ ನೀವೇ ಮಾಡಬಹುದು. ತೋಡಿನ ನೀರನ್ನು ಪೈಪಿಗೆ ತಿರುಗಿಸಿ, 20 ಲೀಟರಿನ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. ಎರಡು ಸೆಕೆಂಡಾದರೆ ಸೆಕೆಂಡಿಗೆ 10 ಲೀಟರ್. ಆಮೇಲೆ ಎತ್ತರ. ಮೇಲಿನಿಂದ ನೀರು ತುಂಬಿದ ಹೋಸ್ ಎಳೆದು ಕೆಳತುದಿಗೆ ಪ್ರೆಷರ್ ಗೇಜ್ ಹಾಕಿ. ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ ಎಂದರೆ ಹತ್ತು ಮೀಟರ್ ಎತ್ತರ. ಈಗ ಲೀಟರನ್ನು ಮೀಟರಿನಿಂದ ಗುಣಿಸಿ, ಅದನ್ನು ಮತ್ತೆ ಐದರಿಂದ ಗುಣಿಸಿ. ಪೈಪು, ಯಂತ್ರದ ನಷ್ಟವೆಲ್ಲ ಕಳೆದು ಬರುವ ವ್ಯಾಟ್ ಇದು. 10 ಲೀಟರ್, 20 ಮೀಟರ್ ಇದ್ದರೆ ಒಂದು ಕಿಲೋವ್ಯಾಟ್. ಒಂದೇ ಕಿಲೋವ್ಯಾಟೇ ಎಂದು ಮೂಗು ಮುರಿಯಬೇಡಿ, ಹಗಲೂ ರಾತ್ರಿ ಓಡಿದರೆ ದಿನಕ್ಕೆ 24 ಯೂನಿಟ್. ಅಷ್ಟಕ್ಕೆ ಒಳ್ಳೆಯ ಬಿಸಿಲಿನಲ್ಲೂ ಆರು ಕಿಲೋವ್ಯಾಟ್ ಪ್ಯಾನಲ್ ಬೇಕು. ಜೊತೆಗೆ ಇದು ಕೈಹಿಡಿಯುವುದು ಬಿಸಿಲು ಕೈಕೊಟ್ಟಾಗಲೇ.

ಪೈಪು ದಪ್ಪ ಇರಲಿ. ಸಣ್ಣ ಪೈಪು ಹಾಕಿ ಹಣ ಉಳಿಸಿದವರು ತಿಕ್ಕಾಟದಲ್ಲಿ ಕರೆಂಟ್ ಕಳೆದುಕೊಳ್ಳುತ್ತಾರೆ. ರಾತ್ರಿ ದೀಪ ಆರಿಸಿದಾಗ ಟರ್ಬೈನ್ ಮೇಲಿನ ಹೊರೆ ಇಳಿದು ಅದು ಹುಚ್ಚೆದ್ದು ತಿರುಗುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಬೇಕು. ಅದು ಉಳಿದ ಕರೆಂಟನ್ನು ಒಂದು ಹೀಟರಿಗೆ ಕಳಿಸುತ್ತದೆ. ಆ ಹೀಟರನ್ನು ಬಚ್ಚಲ ಡ್ರಮ್ಮಿನೊಳಗೆ ಇಟ್ಟರೆ ಕಕ್ಕಡದ ಮುಂಜಾನೆ ಹಂಡೆ ಹೊತ್ತಿಸುವ ಕೆಲಸವೂ ಇಲ್ಲ.

ಪೂರ್ತಿ ತೋಡನ್ನು ಪೈಪಿಗೆ ತುಂಬಬೇಡಿ. ಕೆಳಗಿನ ಗದ್ದೆಯವರನ್ನು ಮೊದಲೇ ಕೇಳಿ, ಬಳಸಿದ ನೀರನ್ನು ತಿರುಗಿ ತೋಡಿಗೇ ಬಿಡಿ. ಅರಣ್ಯದ ಜಾಗದಲ್ಲಿ ಪೈಪು ಹಾಯುವುದಾದರೆ ಇಲಾಖೆಯ ಅನುಮತಿ ಇಲ್ಲದೆ ಮುಟ್ಟಬೇಡಿ.

ಇನ್ನು ದಿನದ ಚಾಕರಿ. ನೀರು ಒಳಹೋಗುವ ಬಾಯಿಯ ಬಲೆಗೆ ಎಲೆ, ಕಡ್ಡಿ ಬಂದು ಅಡರುತ್ತಲೇ ಇರುತ್ತವೆ. ಜೋರು ಮಳೆಯ ದಿನ ಎರಡು ಸಲ ಮೇಲೆ ಹತ್ತಿ ಹೋಗಿ ಕಸ ಬಳಿಯಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ದೀಪ ಮಂಕಾದರೆ ಅತ್ತೆ ಅಡುಗೆ ಮನೆಯಿಂದಲೇ ‘ಎಲೆ ನಿಂತಿರಬೇಕು ನೋಡು’ ಎನ್ನುತ್ತಾರೆ. ನಾನು ಟಾರ್ಚ್ ಹಿಡಿದು, ಜಿಗಣೆಗೆಂದು ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟನ್ನು ಬಾಗಿಲ ಮೊಳೆಯಿಂದ ತೆಗೆದುಕೊಂಡು ಹೊರಡುತ್ತೇನೆ.