ಖಾತೆ ನಂಬರ್ ಬದಲಾಗಿದೆ ಅಂದರೆ ಮೊದಲು ಫೋನ್ ಮಾಡಿ

ಚಿಕ್ಕಮಗಳೂರು, ಮೂಡಿಗೆರೆ ಕಡೆ ಎಸ್ಟೇಟ್, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಲೆಕ್ಕ ನೋಡುವವರಿಗೆ ಒಂದು ಮಾತು. ಗೊಬ್ಬರದ ಬಿಲ್ ಬಂದ ಕೂಡಲೇ ಪಾಸ್ ಮಾಡಬೇಡಿ. ಆರ್ಡರ್ ಕಾಪಿ, ಗೋಡೌನ್‌ನಲ್ಲಿ ಮೂಟೆ ಎಣಿಸಿ ಬರೆದ ಚೀಟಿ, ಬಿಲ್, ಮೂರೂ ತಾಳೆಯಾಗಬೇಕು. ವಾಟ್ಸಾಪ್‌ನಲ್ಲಿ ಒಮ್ಮೆ, ಕಾಗದದಲ್ಲಿ ಒಮ್ಮೆ ಬಂದ ಒಂದೇ ಬಿಲ್‌ಗೆ ಎರಡು ಸಲ ದುಡ್ಡು ಹೋಗುವುದುಂಟು. ಬಿಲ್ ನಂಬರ್ ಹುಡುಕಿ ನೋಡಿ.

ದೊಡ್ಡ ಅಪಾಯ ಬೇರೆಯೇ ಇದೆ. ಸರಕು ಕೊಡುವವರ ಹೆಸರಲ್ಲಿ 'ನಮ್ಮ ಖಾತೆ ಬದಲಾಗಿದೆ, ಇನ್ನು ಇದಕ್ಕೆ ಹಾಕಿ' ಅಂತ ಮೇಲ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೇ ಮಾಡಿ ಕೇಳಿ. ನಿಜವಾದ ಪಾರ್ಟಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಖಾತೆ ವಿವರ ಸೇರಿಸುವವರು ಒಬ್ಬರು, ದುಡ್ಡು ಬಿಡುವವರು ಇನ್ನೊಬ್ಬರು ಇರಲಿ. ಗುಮಾಸ್ತರು ಒಬ್ಬರೇನಾ? ಹಾಗಾದರೆ ಓಟಿಪಿ ಮಾಲೀಕರ ಫೋನಿಗೆ ಬರಲಿ. ಅವರು ಬಿಲ್ ನೋಡದೆ ಓಟಿಪಿ ಓದಿ ಹೇಳಿಬಿಟ್ಟರೆ ಸುಮ್ನೆ ದಂಡ, ಅಲ್ವಾ?

ಇನ್ನು ಗಡುವು. ಎಂಎಸ್‌ಎಂಇ (ಸಣ್ಣ ಉದ್ದಿಮೆ) ನೋಂದಣಿ ಇರುವ ಸಣ್ಣ ತಯಾರಕರಿಗೆ, ರಿಪೇರಿ ವರ್ಕ್‌ಶಾಪ್‌ನಂಥವರಿಗೆ ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ಬಡ್ಡಿ ಬೀಳುತ್ತದೆ. ಈ ನೋಂದಣಿಯ ಪತ್ರವಾದ ಉದ್ಯಮ್ ಸರ್ಟಿಫಿಕೇಟ್ ಮೊದಲ ಆರ್ಡರ್ ಹೊತ್ತಿಗೇ ಕೇಳಿ ಫೈಲಿಗೆ ಹಾಕಿಡಿ.