ರಾಕ್ ಹಾಡಿಗೆ ದನಿ ಕಟ್ಟುವುದು: ಸ್ಥಾಯಿ ಲೆಕ್ಕದ ಆಚೆಗೆ

ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ನಾಲ್ಕು ಸ್ಥಾಯಿಯ (ಆಕ್ಟೇವ್) ಕಂಠ ಇತ್ತು ಅನ್ನುವ ಮಾತು ರಾಕ್ ಕೇಳುವವರ ನಡುವೆ ಬಹಳ ಹಳೆಯದು. ಯುರೋಪಿನ ಧ್ವನಿವಿಜ್ಞಾನಿಗಳು ಆತನ ಧ್ವನಿಮುದ್ರಣಗಳನ್ನು ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು 37 ಸೆಮಿಟೋನ್. ಹನ್ನೆರಡು ಸೆಮಿಟೋನ್ ಸೇರಿದರೆ ಒಂದು ಸ್ಥಾಯಿ, ಅಂದರೆ ಇದು ಮೂರು ಸ್ಥಾಯಿ, ಮೇಲೊಂದು ಸೆಮಿಟೋನ್. ಸಂದರ್ಶನಗಳಲ್ಲಿ ಆತ ಮಾತಾಡುತ್ತಿದ್ದ ಶ್ರುತಿ ಸುಮಾರು 117 ಹರ್ಟ್ಜ್, ಅದು ಬ್ಯಾರಿಟೋನ್, ಅಂದರೆ ಮಧ್ಯಮ ಎತ್ತರದ ಕಂಠದ, ಗಂಡಸಿನ ಶ್ರುತಿ. ಡೋರ್ಸ್ ಬ್ಯಾಂಡಿನ ಜಿಮ್ ಮಾರಿಸನ್, ವೆಲ್ವೆಟ್ ಅಂಡರ್‌ಗ್ರೌಂಡಿನ ಲೂ ರೀಡ್ ಅವರನ್ನಂತೂ ಎತ್ತರದ ಸ್ವರಕ್ಕಾಗಿ ಯಾರೂ ಕೇಳುವುದಿಲ್ಲ. ರಾಕ್ ಹಾಡು ಕೇಳುಗನನ್ನು ಹಿಡಿಯುವುದು ಹೆಚ್ಚಾಗಿ ಗಾಯಕನ ಮಾತಿನ ದನಿಯ ಆಸುಪಾಸಿನ ಒಂದೂವರೆ ಸ್ಥಾಯಿಯಲ್ಲೇ. ಆ ಜಾಗದಲ್ಲಿ ನಾದ, ಅಕ್ಷರ, ಗೊಗ್ಗರು, ಏರಿಳಿತ ಇವನ್ನೆಲ್ಲ ಹದಕ್ಕೆ ತರುವ ಬಗೆ ಇಲ್ಲಿದೆ.

ಮೊದಲು ನಿಮ್ಮ ಜಾಗ ಗುರುತಿಸಿಕೊಳ್ಳಿ

ಫೋನಿನಲ್ಲಿ ಯಾವುದಾದರೂ ಟ್ಯೂನರ್ ಆ್ಯಪ್ ತೆರೆದು, ಎದುರಿಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಅರ್ಧ ನಿಮಿಷ ಸಹಜವಾಗಿ ಮಾತಾಡಿ. ಮುಳ್ಳು ಹೆಚ್ಚು ಹೊತ್ತು ಎಲ್ಲಿ ಓಡಾಡುತ್ತದೋ ಅದೇ ನಿಮ್ಮ ಮಾತಿನ ಶ್ರುತಿ. ಗಂಡಸರಲ್ಲಿ ಸಾಮಾನ್ಯವಾಗಿ 100ರಿಂದ 130 ಹರ್ಟ್ಜ್, ಹೆಂಗಸರಲ್ಲಿ 180ರಿಂದ 220ರ ಸುತ್ತ. ಆಮೇಲೆ ಗಂಟಲು ಬಿಗಿಯದೆ ಎದೆದನಿಯಲ್ಲಿ (ಮಾತಾಡುವಾಗಿನ ಗಟ್ಟಿ ದನಿಯಲ್ಲಿ) ಎಷ್ಟು ಮೇಲೆ ಹೋಗಬಲ್ಲಿರಿ ನೋಡಿ. ಹಾಡಿನ ಪಲ್ಲವಿಯ ತುತ್ತತುದಿ ಆ ಮಿತಿಗಿಂತ ಎರಡು ಮೂರು ಸೆಮಿಟೋನ್ ಕೆಳಗಿರಬೇಕು. ಇಲ್ಲದಿದ್ದರೆ ಮನೆಯಲ್ಲಿ ಬಂದ ಸ್ವರ ವೇದಿಕೆಯ ಮೇಲೆ, ಆರನೇ ಹಾಡಿನ ಹೊತ್ತಿಗೆ ಬರುವುದಿಲ್ಲ.

ಶ್ರುತಿ ಇಳಿಸಲು ಸಂಕೋಚ ಬೇಡ. ಜಿಮಿ ಹೆಂಡ್ರಿಕ್ಸ್, ಗನ್ಸ್ ಎನ್ ರೋಸಸ್ ಅಂಥವರೇ ಗಿಟಾರನ್ನು ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿ ನುಡಿಸಿದ್ದಾರೆ. ಮೂಲ ಹಾಡಿನ ಶ್ರುತಿಗೇ ಜೋತುಬಿದ್ದು ಕಿರುಚುವುದಕ್ಕಿಂತ ಎರಡು ಸೆಮಿಟೋನ್ ಇಳಿಸಿ ಅಕ್ಷರಕ್ಕೆ ಜೀವ ತುಂಬುವುದು ಎಷ್ಟೋ ಮೇಲು.

ಗಿಟಾರಿನ ಸದ್ದಿನ ನಡುವೆ ಕೇಳಿಸುವುದು

ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆದು ಒರಟು ಮಾಡುವುದು) ಹಾಕಿದ ಗಿಟಾರು ಮಧ್ಯದ ಆವರ್ತನಗಳನ್ನೆಲ್ಲ ತುಂಬಿಬಿಡುತ್ತದೆ. ದನಿಯ ಬಲವೂ ಅಲ್ಲೇ ಇರುವುದರಿಂದ ಬರೀ ಜೋರಾಗಿ ಹಾಡಿದರೆ ಎರಡೂ ಕಲಸಿಹೋಗುತ್ತವೆ. ದನಿ ಸೀಳಿಕೊಂಡು ಬರಬೇಕಾದರೆ 2,500ರಿಂದ 3,500 ಹರ್ಟ್ಜ್ ನಡುವೆ ಒಂದು ಮಿನುಗು ಬೇಕು. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು ಆ ಸುತ್ತಿನಲ್ಲೇ. ಧ್ವನಿಪೆಟ್ಟಿಗೆಯ ಮೇಲ್ಬಾಯಿ ಕಿರಿದಾದಾಗ ಆ ಮಿನುಗು ಹುಟ್ಟುತ್ತದೆ. ಹಾಡು ಕಲಿಸುವವರು ಇದನ್ನು ಟ್ವ್ಯಾಂಗ್ ಅನ್ನುತ್ತಾರೆ.

ಅದನ್ನು ಹಿಡಿಯುವ ಸುಲಭ ದಾರಿ ಮಕ್ಕಳು ಅಣಕಿಸುವ ಹಾಗೆ "ನ್ಯಾ ನ್ಯಾ ನ್ಯಾ" ಅನ್ನುವುದು. ಮೆಲ್ಲಗೆ, ಮಾತಿನ ಶ್ರುತಿಯಲ್ಲಿ ಶುರು ಮಾಡಿ. ಐದು ಸ್ವರ ಏರಿ ಇಳಿಯಿರಿ. ಆಮೇಲೆ "ನ್ಯಾ"ದಿಂದ "ಆ"ಗೆ ಜಾರಿ, ಆ ಚೂಪನ್ನು ಬಿಟ್ಟುಕೊಡದೆ ಸ್ವರವನ್ನು ನಾಲ್ಕು ಎಣಿಕೆ ಹಿಡಿಯಿರಿ. ಹಿಡಿದಿರುವಾಗಲೇ ಎರಡು ಬೆರಳಿನಲ್ಲಿ ಮೂಗು ಮುಚ್ಚಿ. "ಆ" ಬದಲಾಗದಿದ್ದರೆ ಸರಿಯಾಗಿದೆ. ಸದ್ದು ಕಟ್ಟಿಕೊಂಡರೆ ಗಾಳಿ ಮೂಗಿನಿಂದ ಸೋರುತ್ತಿದೆ ಎಂದರ್ಥ. ಆಗ ಆಕಳಿಕೆ ಬರುವ ಮುನ್ನ ಬಾಯಿಯ ಹಿಂಭಾಗ ಎತ್ತುತ್ತದಲ್ಲ, ಅಷ್ಟು ಎತ್ತಿಕೊಂಡು ಮತ್ತೆ ಹಾಡಿ. ದವಡೆ ಮುಂದಕ್ಕೆ ಚಾಚುವುದು, ನಾಲಗೆಯ ಬುಡ ಗಂಟಲಿಗೆ ಇಳಿಯುವುದು ಇಲ್ಲಿನ ಸಾಮಾನ್ಯ ತಪ್ಪುಗಳು. ಗದ್ದದ ಕೆಳಗಿನ ಮೆತ್ತಗಿನ ಭಾಗಕ್ಕೆ ಹೆಬ್ಬೆರಳು ಒತ್ತಿ ನೋಡಿದರೆ ಗೊತ್ತಾಗುತ್ತದೆ: ಅದು ಕಲ್ಲಾಗಿದ್ದರೆ ನಾಲಗೆ ಬಿಗಿದಿದೆ.

ಗಿಟಾರ್ ನುಡಿಸುವವರೂ ಒಂಚೂರು ಜಾಗ ಕೊಡಬೇಕು. ಹಾಡುವ ಭಾಗದಲ್ಲಿ ಆಂಪ್ಲಿಫೈಯರಿನ ಗೇನ್ ತುಸು ತಗ್ಗಿಸಿ, 3 ಕಿಲೋಹರ್ಟ್ಜ್ ಹತ್ತಿರ ಎರಡು ಮೂರು ಡೆಸಿಬಲ್ ಕಡಿಮೆ ಮಾಡಿದರೆ ಗಾಯಕನ ಗಂಟಲು ಉಳಿಯುತ್ತದೆ.

ಅಕ್ಷರ ಎಲ್ಲಿ ಬೀಳಬೇಕು

ಒಳ್ಳೆಯ ರಾಕ್ ಗಾಯಕನನ್ನು ಉಳಿದವರಿಂದ ಬೇರೆ ಮಾಡುವುದು ಬಹುಮಟ್ಟಿಗೆ ಇದೇ, ಆದರೂ ಅಭ್ಯಾಸದಲ್ಲಿ ಅತಿ ಕಡಿಮೆ ಗಮನ ಸಿಗುವುದೂ ಇದಕ್ಕೇ. ದನಿ ಡ್ರಮ್ಸಿನ ಜೊತೆ ಹೊಡೆಯಬೇಕು. "ಕಾಡು" ಎಂಬ ಪದ ಸ್ನೇರ್ (ಚಟ್ಟೆಂದು ಸದ್ದು ಮಾಡುವ ಡ್ರಮ್) ಪೆಟ್ಟಿನ ಮೇಲೆ ಬರಬೇಕಿದ್ದರೆ ಪೆಟ್ಟಿಗೆ ಸರಿಯಾಗಿ ಬೀಳಬೇಕಾದ್ದು "ಆ" ಎಂಬ ಸ್ವರ. "ಕ್" ಅದಕ್ಕಿಂತ ಕೂದಲೆಳೆಯಷ್ಟು ಮೊದಲೇ ಮುಗಿದಿರಬೇಕು. ವ್ಯಂಜನವನ್ನೇ ಪೆಟ್ಟಿನ ಮೇಲೆ ಇಟ್ಟರೆ ಇಡೀ ಸಾಲು ಎಳೆದ ಹಾಗೆ ಕೇಳುತ್ತದೆ. ಬೇಕೆಂದೇ ಹಿಂದೆ ಬೀಳುವುದು ಬೇರೆ, ಅದೊಂದು ಶೈಲಿ. ಆದರೆ ಮೊದಲು ನೇರವಾಗಿ ಬೀಳಲು ಬರಬೇಕು.

ತಾಳ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 80 ಪೆಟ್ಟಿಗೆ ಇಟ್ಟು, ಸಾಹಿತ್ಯವನ್ನು ರಾಗವಿಲ್ಲದೆ ಬರೀ ಮಾತಿನಲ್ಲಿ, ತಾಳಕ್ಕೆ ಸರಿಯಾಗಿ ಹೇಳಿ. ರೆಕಾರ್ಡ್ ಮಾಡಿ ಕೇಳಿ. ಪದ ಅರ್ಥವಾಗದ ಕಡೆ, ಉಸಿರು ಸಾಲದ ಕಡೆ ಗುರುತು ಹಾಕಿ. ಆಮೇಲಷ್ಟೇ ರಾಗ ಸೇರಿಸಿ.

ಕನ್ನಡದಲ್ಲಿ ರಾಕ್ ಹಾಡುವವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಭಾವಗೀತೆ ಕೇಳಿ ಬೆಳೆದ ಕಿವಿ ಆ ಕೊನೆಯ ಸ್ವರವನ್ನು ತಾನಾಗಿಯೇ ಎಳೆಯುತ್ತದೆ. ರಾಕ್ ತಾಳದ ಮೇಲೆ ಆ ಎಳೆತ ಸಾಲಿನ ಮೊನೆಯನ್ನು ಮೊಂಡು ಮಾಡುತ್ತದೆ. "ಬರುತ್ತೇನೆ" ಎಂದು ಬರೆದಿದ್ದರೆ "ಬರ್ತೀನಿ" ಎಂದು ಹಾಡಿ ನೋಡಿ. ನಾಲ್ಕು ಅಕ್ಷರ ಮೂರಾಗುತ್ತದೆ, ನಡುವೆ "ರ್ತ" ಎಂಬ ಗಟ್ಟಿ ಗಂಟು ಸಿಗುತ್ತದೆ, ಸ್ನೇರ್ ಜೊತೆ ಬಾರಿಸಲು ಅದೇ ಬೇಕಾದ್ದು. ಆಡುಮಾತು ರಾಕ್‌ಗೆ ಒಗ್ಗುವುದು ಅದು ಆಪ್ತ ಎಂಬ ಕಾರಣಕ್ಕೆ ಮಾತ್ರ ಅಲ್ಲ, ಅದರಲ್ಲಿ ಒತ್ತಕ್ಷರಗಳು ಸಾಲಾಗಿ ಸಿಗುತ್ತವೆ. ಕೊನೆಯ ಸ್ವರವನ್ನು ಚಿಕ್ಕದಾಗಿ ಕತ್ತರಿಸಿ, ನಾಲ್ಕು ಸಾಲಿನಲ್ಲಿ ಒಂದು ಕಡೆ ಮಾತ್ರ ಎಳೆಯಿರಿ.

ಸ್ವರದಿಂದಲೇ ಶುರುವಾಗುವ ಪದಕ್ಕೆ ಮೂರು ಬಗೆಯ ಆರಂಭ ಇದೆ. ಉಸಿರು ಮೊದಲು ಬಂದು ಆಮೇಲೆ ದನಿ, ಎರಡೂ ಒಟ್ಟಿಗೆ, ಧ್ವನಿತಂತುಗಳು ಮೊದಲೇ ಮುಚ್ಚಿ ಫಟ್ಟೆಂದು ತೆರೆಯುವುದು. ಮೂರನೆಯದರಲ್ಲಿ ಪೆಟ್ಟಿನ ಗುಣ ಇರುವುದರಿಂದ ರಾಕ್ ಗಾಯಕರಿಗೆ ಅದು ಇಷ್ಟ. ಪ್ರತಿ ಪದಕ್ಕೂ ಅದನ್ನೇ ಬಳಸಿದರೆ ತಂತುಗಳು ಊದಿಕೊಳ್ಳುತ್ತವೆ. ಪದ್ಯದಲ್ಲಿ ಮೊದಲನೆಯದು, ಪಲ್ಲವಿಯಲ್ಲಿ ಎರಡನೆಯದು, ಒತ್ತು ಬೇಕಾದ ಒಂದೆರಡು ಪದಕ್ಕೆ ಮೂರನೆಯದು: ಹೀಗೆ ಹಂಚಿಕೊಂಡರೆ ಹಾಡಿಗೂ ಬಣ್ಣ ಬರುತ್ತದೆ.

ಗೊಗ್ಗರು ದನಿ, ಗಂಟಲು ಕೆಡಿಸಿಕೊಳ್ಳದೆ

ಕೇಳಲು ಹರಿದುಹೋದಂತಿರುವ ದನಿಯನ್ನು ನುರಿತವರು ನಿಜವಾದ ಧ್ವನಿತಂತುಗಳನ್ನು ಉಜ್ಜಿ ತರುವುದಿಲ್ಲ. ಅವುಗಳ ಮೇಲ್ಗಡೆ ಸುಳ್ಳು ತಂತುಗಳು ಎಂಬ ಎರಡು ಮಡಿಕೆಗಳಿವೆ. ಕೆಳಗೆ ಸ್ವರ ಶುದ್ಧವಾಗಿ ನಡೆಯುತ್ತಿರುವಾಗ ಈ ಮಡಿಕೆಗಳು ಹತ್ತಿರ ಬಂದು ಅದುರಿದರೆ ದನಿಗೆ ಗೊಗ್ಗರು ಸೇರುತ್ತದೆ. ಮರ್ಕ್ಯುರಿಯ ಅಧ್ಯಯನವೂ ಆತನ ಗೊಗ್ಗರಿಗೆ ಈ ಮಡಿಕೆಗಳನ್ನೇ ಕಾರಣವೆಂದು ಊಹಿಸಿದೆ. ಆದ್ದರಿಂದ ಕ್ರಮ ಹೀಗೆ:

1. ಮಧ್ಯ ಶ್ರುತಿಯಲ್ಲಿ ಒಂದು ಸ್ವರವನ್ನು "ಎ" ಎಂದು ಶುದ್ಧವಾಗಿ, ಮಾತಿನಷ್ಟೇ ಜೋರಾಗಿ ಹಿಡಿಯಿರಿ. ಇದು ಅಲುಗಿದರೆ ಮುಂದಕ್ಕೆ ಹೋಗಬೇಡಿ.

2. ದನಿ ಇಲ್ಲದೆ, ಗಂಟಲು ಸರಿಮಾಡಿಕೊಳ್ಳುವ ಸದ್ದನ್ನು ಅತಿ ಮೆಲ್ಲಗೆ, ಉದ್ದಕ್ಕೆ ಮಾಡಿ. ಭಾರ ಎತ್ತುವಾಗ ಮುಲುಕುವ ಸದ್ದಾದರೂ ಸರಿ. ಮಡಿಕೆಗಳು ಸೇರುವ ಜಾಗ ಇದೇ.

3. ಶುದ್ಧ ಸ್ವರ ಹಿಡಿದಿರುವಾಗಲೇ ಈ ಸದ್ದನ್ನು ಅದರ ಮೇಲೆ ಎರಡು ಕ್ಷಣ ಸೇರಿಸಿ, ಮತ್ತೆ ಶುದ್ಧಕ್ಕೆ ಬನ್ನಿ. ಶ್ರುತಿ ಕದಲಬಾರದು.

4. ಮೊದಲ ಎರಡು ವಾರ ದಿನಕ್ಕೆ ಐದು ನಿಮಿಷ ಸಾಕು. ಗಂಟಲಲ್ಲಿ ಕೆರೆತ, ಉರಿ, ಕೆಮ್ಮು ಬಂದ ಕೂಡಲೇ ನಿಲ್ಲಿಸಿ.

ಗಾಳಿ ಹೆಚ್ಚು ನುಗ್ಗಿಸುವುದರಿಂದಲೇ ಬಹಳ ಜನ ಕೆಡಿಸಿಕೊಳ್ಳುತ್ತಾರೆ. ಗೊಗ್ಗರು ಬೇಡುವುದು ಹದವಾದ, ಒಂದೇ ಸಮನಾದ ಉಸಿರು. ಒಳಗೆ ಕೇಳುವುದಕ್ಕಿಂತ ಹೊರಗೆ ಅದು ಎಷ್ಟೋ ಪಾಲು ಉಗ್ರವಾಗಿ ಕೇಳುತ್ತದೆ, ಮೈಕ್ ಅದನ್ನು ಇನ್ನೂ ದೊಡ್ಡದು ಮಾಡುತ್ತದೆ.

ಸರಿಯಾಗಿ ಮಾಡಿದ್ದೀರೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಹುಟ್ಟುಹಬ್ಬದ ಹಾಡಿನ ಮೊದಲ ಸಾಲನ್ನು ನಿಮ್ಮ ತಲೆದನಿಯ (ಎದೆದನಿಗಿಂತ ಮೇಲಿನ ತೆಳು ದನಿಯ) ಎತ್ತರದಲ್ಲಿ, ಮಗು ಮಲಗಿರುವ ಕೋಣೆಯಲ್ಲಿ ಹಾಡಿದಷ್ಟು ಮೆಲ್ಲಗೆ ಹಾಡಿ. ಯಾವ ಸ್ವರದಿಂದ ಮೇಲೆ ದನಿ ತಡವಾಗಿ ಬರುತ್ತದೆ, ಅಥವಾ ಬರೀ ಗಾಳಿ ಬರುತ್ತದೆ, ಬರೆದಿಡಿ. ಪ್ರತಿದಿನ ಬೆಳಿಗ್ಗೆ ಅದನ್ನೇ ಮಾಡಿ. ಆ ಮಿತಿ ಹಿಂದಿನ ದಿನಕ್ಕಿಂತ ಎರಡು ಮೂರು ಸೆಮಿಟೋನ್ ಕೆಳಗಿಳಿದಿದ್ದರೆ ತಂತುಗಳು ಊದಿವೆ, ಅಂದು ಗೊಗ್ಗರು ಬೇಡ. ಜೋರಾಗಿ ಹಾಡಿ ನೋಡಿದರೆ ಊತ ಮರೆಯಾಗಿಬಿಡುತ್ತದೆ. ಮೆಲುದನಿ ಮಾತ್ರ ನಿಜ ಹೇಳುತ್ತದೆ.

ದನಿ ಒಡೆಯುವುದೂ ಕೆಲವೊಮ್ಮೆ ಹಾಡಿನ ಪ್ರಾಣವಾಗುತ್ತದೆ. 1969ರ "ಗಿಮ್ಮಿ ಶೆಲ್ಟರ್" ಧ್ವನಿಮುದ್ರಣದಲ್ಲಿ ಮೆರ್ರಿ ಕ್ಲೇಟನ್ ಹಾಡುವಾಗ ದನಿ ಸೀಳಿದ್ದು ಸ್ಪಷ್ಟವಾಗಿ ಕೇಳುತ್ತದೆ, ರೋಲಿಂಗ್ ಸ್ಟೋನ್ಸ್ ಅದನ್ನು ಹಾಗೆಯೇ ಉಳಿಸಿಕೊಂಡರು. ಸ್ಟುಡಿಯೋದಲ್ಲಿ ಅಂಥದ್ದು ಬಂದರೆ ಅಳಿಸಬೇಡಿ. ಪ್ರತಿ ರಾತ್ರಿ ಬೇಕೆಂದೇ ಒಡೆಯಲು ಹೋಗಬೇಡಿ.

ಕೂಗು ಒಂದೇ ಕಡೆ

1977ರಲ್ಲಿ ಬರ್ಲಿನ್ನಿನ ಹನ್ಸಾ ಸ್ಟುಡಿಯೋದಲ್ಲಿ ಡೇವಿಡ್ ಬೋವಿ "ಹೀರೋಸ್" ಹಾಡಿದಾಗ ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟಿದ್ದರು. ಒಂದು ಬಾಯಿಯಿಂದ ಸುಮಾರು ಒಂಬತ್ತು ಅಂಗುಲ, ಎರಡನೆಯದು 20 ಅಡಿ, ಮೂರನೆಯದು 50 ಅಡಿ ದೂರ. ದೂರದ ಎರಡೂ ದನಿ ಒಂದು ಮಟ್ಟ ಮೀರಿದಾಗ ಮಾತ್ರ ತೆರೆದುಕೊಳ್ಳುತ್ತಿದ್ದವು. ಹಾಡು ಶುರುವಾಗುವುದು ಪಕ್ಕದಲ್ಲಿ ಕೂತು ಮಾತಾಡಿದಂತೆ. ಬೋವಿ ಕೂಗುವ ಹೊತ್ತಿಗೆ ಇಡೀ ಸಭಾಂಗಣ ದನಿಯೊಳಗೆ ಬಂದಿರುತ್ತದೆ. ಆ ಕೂಗು ನಾಟುವುದು ಮೊದಲ ಪದ್ಯಗಳು ಅಷ್ಟು ತಗ್ಗಿನಲ್ಲಿ ಇದ್ದುದರಿಂದ.

ನಿಮ್ಮ ಸಾಹಿತ್ಯದ ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕ 1ರಿಂದ 10ರವರೆಗೆ ಒಂದು ಅಂಕಿ ಹಾಕಿ. ಮೊದಲ ಪದ್ಯ 3, ಎರಡನೆಯದು 4, ಪಲ್ಲವಿ 6 ಅಥವಾ 7. ಒಂಬತ್ತು ಇಡೀ ಹಾಡಿನಲ್ಲಿ ಒಂದೇ ಕಡೆ ಇರಲಿ. ಹತ್ತು ಬೇಡವೇ ಬೇಡ. ಹೊಸ ಬ್ಯಾಂಡುಗಳ ಹಾಡಿನಲ್ಲಿ ಹೆಚ್ಚಾಗಿ ಕಾಣುವ ದೋಷ ಮೊದಲ ಸಾಲೇ 8ರಲ್ಲಿ ಇರುವುದು. ಎತ್ತರದಲ್ಲಿ ಕೂಗುವಾಗ "ಈ"ಯನ್ನು ತುಸು "ಎ" ಕಡೆಗೆ, "ಊ"ವನ್ನು "ಒ" ಕಡೆಗೆ ತೆರೆಯಿರಿ. ಕೇಳುಗನಿಗೆ ಪದ ಅದೇ ಆಗಿ ಕೇಳುತ್ತದೆ, ಗಂಟಲು ಬಿಗಿಯುವುದಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ

ನಿಮ್ಮ ಲಯಜ್ಞಾನ, ಶ್ರುತಿಜ್ಞಾನ ದೊಡ್ಡ ಆಸ್ತಿ. ಬಿಡಬೇಕಾದ್ದು ಪ್ರತಿ ದೀರ್ಘ ಸ್ವರಕ್ಕೂ ಗಮಕ ಹಾಕುವ ರೂಢಿ. ಪವರ್ ಕಾರ್ಡ್ (ಗಿಟಾರಿನಲ್ಲಿ ಒಟ್ಟಿಗೆ ನುಡಿಸುವ ಎರಡು ಸ್ವರಗಳ ಜೋಡಿ) ನೇರವಾಗಿ ನಿಂತಿರುವಾಗ ಮೇಲೆ ಸ್ವರ ತೂಗಾಡಿದರೆ ಎರಡೂ ಬಲ ಕಳೆದುಕೊಳ್ಳುತ್ತವೆ. ನಾಲ್ಕು ಎಣಿಕೆಯ ಸ್ವರವನ್ನು ಮೂರು ಎಣಿಕೆ ಗೆರೆ ಎಳೆದಂತೆ ಹಿಡಿದು, ಕೊನೆಯ ಎಣಿಕೆಯಲ್ಲಿ ಮಾತ್ರ ವೈಬ್ರಾಟೊ (ಸ್ವರದ ಸಣ್ಣ ಅಲುಗಾಟ) ಬಿಡಿ. ಸಾಮಾನ್ಯ ವೈಬ್ರಾಟೊ ಸೆಕೆಂಡಿಗೆ ಐದಾರು ಸಲ ಅಲುಗುತ್ತದೆ. ಮರ್ಕ್ಯುರಿಯದು ಏಳರ ಹತ್ತಿರ, ಅದೂ ಒಂದೇ ಸಮ ಇರಲಿಲ್ಲ, ಆತನ ದನಿಯ ಗುರುತಿನ ಅರ್ಧ ಗುಟ್ಟು ಅಲ್ಲಿದೆ.

ನಿಮಗೆ ಸಲೀಸಾಗಿ ಬರುವ ಇನ್ನೊಂದಿದೆ. ಬ್ಲೂಸ್‌ನಿಂದ ರಾಕ್‌ಗೆ ಬಂದ ಬಾಗಿದ ಮೂರನೇ ಸ್ವರ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಕೀಬೋರ್ಡ್ ನೋಡಿ ಕಲಿತವರಿಗೆ ಅದು ಸಿಗುವುದು ತಡ. ಸಾಧಾರಣದಿಂದ ಹೊರಟು ಅಂತರವನ್ನು ಮುಟ್ಟದೆ ನಿಲ್ಲುವುದನ್ನು ತಂಬೂರಿ ಆ್ಯಪ್ ಇಟ್ಟುಕೊಂಡು ಅಭ್ಯಾಸ ಮಾಡಿ.

ಮೈಕ್ ಮತ್ತು ಮಾನಿಟರ್

1966ರಿಂದ ವೇದಿಕೆಗಳಲ್ಲಿರುವ ಶೂರ್ ಎಸ್‌ಎಂ58 ಥರದ ಮೈಕಿಗೆ ಬಾಯಿ ಹತ್ತಿರವಾದಷ್ಟೂ ಕೆಳದನಿ ಗಟ್ಟಿಯಾಗುತ್ತದೆ. ಮೆಲುವಾದ ಪದ್ಯಕ್ಕೆ 2ರಿಂದ 3 ಸೆಂಟಿಮೀಟರ್, ಪಲ್ಲವಿಗೆ 6ರಿಂದ 8, ಕೂಗಿಗೆ 15 ದೂರ ಹಿಡಿಯಿರಿ. ಜಾಲರಿಯ ಗುಂಡನ್ನು ಅಂಗೈಯಲ್ಲಿ ಮುಚ್ಚಬೇಡಿ. ಹಿಂದಿನ ಸದ್ದನ್ನು ತಡೆಯುವ ಅದರ ಗುಣವೇ ಹೋಗಿ, ದನಿ ಮಂಕಾಗಿ ಫೀಡ್‌ಬ್ಯಾಕ್ ಕಿರುಚುತ್ತದೆ.

ಸುತ್ತ ಗದ್ದಲ ಹೆಚ್ಚಿದರೆ ಯಾರೇ ಆಗಲಿ ತಿಳಿಯದೆಯೇ ದನಿ ಏರಿಸುತ್ತಾರೆ. ವೇದಿಕೆಯಲ್ಲಿ ಗಂಟಲು ಹೋಗುವುದು ಬಹುಪಾಲು ಹೀಗೆ. ಸೌಂಡ್‌ಚೆಕ್ ಹೊತ್ತಿನಲ್ಲಿ ಮಾನಿಟರಿನಲ್ಲಿ (ಹಾಡುವವರಿಗೇ ಕೇಳಲೆಂದು ವೇದಿಕೆಯಲ್ಲಿಡುವ ಸ್ಪೀಕರಿನಲ್ಲಿ) ನಿಮ್ಮ ದನಿ ಜಾಸ್ತಿ ಮಾಡಿ ಅನ್ನುವ ಮೊದಲು ಗಿಟಾರ್ ಕಡಿಮೆ ಮಾಡಿ ಎಂದು ಕೇಳಿ. ಅದೂ ಆಗದಿದ್ದರೆ ಒಂದು ಕಿವಿಗೆ ಇಯರ್‌ಪ್ಲಗ್ ಹಾಕಿ, ನಿಮ್ಮ ದನಿ ತಲೆಬುರುಡೆಯ ಒಳಗಿನಿಂದ ಕೇಳುತ್ತದೆ.

ಹಾಡುವ ಮೊದಲು, ಹಾಡಿದ ಮೇಲೆ

ಲೋಟದಲ್ಲಿ ನೀರು ಹಾಕಿ, ಸ್ಟ್ರಾವನ್ನು 2ರಿಂದ 3 ಸೆಂಟಿಮೀಟರ್ ಮುಳುಗಿಸಿ, "ಊ" ಎಂದು ದನಿ ಬಿಡುತ್ತಾ ಗುಳ್ಳೆ ಎಬ್ಬಿಸಿ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿ. ಹಾಡುವ ಮುನ್ನ ಹತ್ತು ನಿಮಿಷ, ಮುಗಿದ ಮೇಲೆ ಐದು. ಸ್ಟ್ರಾದಿಂದ ಹಿಂದಕ್ಕೆ ಬರುವ ಒತ್ತಡ ತಂತುಗಳ ಮೇಲಿನ ಪೆಟ್ಟನ್ನು ತಗ್ಗಿಸುತ್ತದೆ.

ಮೆಣಸು ಜೀರಿಗೆ ಕಷಾಯ, ಜೇನು ಹಿತವೇ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅವುಗಳಿಗೆ ನೇರವಾಗಿ ತಲುಪುವುದು ಹಬೆ. ಕುಡಿದ ನೀರು ಮೈಗೆ ಹತ್ತಿ ಅಲ್ಲಿಗೆ ಮುಟ್ಟಲು ಹೊತ್ತು ಬೇಕು, ಆದ್ದರಿಂದ ಬೆಳಿಗ್ಗೆಯಿಂದಲೇ ಕುಡಿಯಿರಿ. ಗಂಟಲು ಮರಗಟ್ಟಿಸುವ ಚೀಪುಮಾತ್ರೆ ಹಾಕಿಕೊಂಡು ಹಾಡಬೇಡಿ, ನೋವು ತಿಳಿಯದೆ ಗಾಯ ದೊಡ್ಡದಾಗುತ್ತದೆ. ಕಾರ್ಯಕ್ರಮದ ದಿನ ಆಸ್ಪಿರಿನ್ ತೆಗೆದುಕೊಂಡರೆ ತಂತುವಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ವೈದ್ಯರು ಹೃದಯಕ್ಕೆಂದು ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ಹಾಡುತ್ತಿರುವಾಗಲೇ ದನಿ ಥಟ್ಟನೆ ಹೋದರೆ ಅಲ್ಲಿಗೇ ನಿಲ್ಲಿಸಿ, ಪಿಸುಮಾತೂ ಆಡದೆ ಅಂದೇ ಅಥವಾ ಮರುದಿನ ಇಎನ್‌ಟಿ ವೈದ್ಯರಿಗೆ ತೋರಿಸಿ. ಮಾಮೂಲಿ ಒಡಕು ಎರಡು ವಾರ ದಾಟಿದರೂ ಹಾಗೆಯೇ, ಲ್ಯಾರಿಂಗೋಸ್ಕೋಪಿಯಲ್ಲಿ ತಂತುಗಳನ್ನು ನೋಡಿಸಿಯೇ ಮತ್ತೆ ಹಾಡಲು ಶುರು ಮಾಡಿ.